ಹದಿಮೂರು ಪಾಯಿಂಟ್ ಆರು, ಇಪ್ಪತ್ತೆಂಟು

ಟ್ರ್ಯಾಕ್ಟರಿನ ಮುಂದಿನ ಗಾಲಿಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅವು ತಿರುವು ಬಂದಲ್ಲಿ ತಿರುಗುತ್ತವೆ, ಪಂಚರ್ ಆಗುತ್ತವೆ, ಸವೆಯುತ್ತವೆ, ಯಾರಿಗೂ ತಿಳಿಯದಂತೆ ಬದಲಾಗುತ್ತವೆ. ಹಿಂದಿನ ಗಾಲಿಯ ಗತ್ತೇ ಬೇರೆ. ಟ್ರ್ಯಾಕ್ಟರಿನ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹೊರುವುದು ಅದು, ನೇಗಿಲು ಎಳೆಯುವುದು ಅದು, ಫೋಟೋ ತೆಗೆಸಿಕೊಳ್ಳುವವರು ಕೈಕಟ್ಟಿ ಒರಗುವುದೂ ಅದಕ್ಕೇ. ನೆಂಟಸ್ತನದ ಮಾತಿಗೆ ಬಂದ ಹಿರಿಯರು ಅಂಗಳದಲ್ಲಿ ನಿಂತ ಟ್ರ್ಯಾಕ್ಟರಿನ ಹಿಂದಿನ ಟೈರನ್ನು ಕಡೆಗಣ್ಣಿನಿಂದ ನೋಡಿ ಮನೆಯ ಸ್ಥಿತಿಗತಿ ಅಳೆಯುವುದನ್ನು ನಾನೇ ಕಂಡಿದ್ದೇನೆ. ಹಲ್ಲು ಎದ್ದು ಕಾಣುತ್ತಿದ್ದರೆ ಊಟಕ್ಕೆ ಕೂರುತ್ತಾರೆ. ಬೋಳಾಗಿದ್ದರೆ ಕಾಫಿ ಕುಡಿದು, ‘ತಿಳಿಸ್ತೀವಿ’ ಎಂದು ಎದ್ದು ಹೋಗುತ್ತಾರೆ.

ನನ್ನ ತಮ್ಮನ ಟ್ರ್ಯಾಕ್ಟರಿನ ಹಲ್ಲುಗಳು ಕಳೆದ ಕಬ್ಬಿನ ಹಂಗಾಮಿನಲ್ಲೇ ಹೋಗಿದ್ದವು. ಅದು ಎಲ್ಲರ ಕಣ್ಣಿಗೆ ಬಿದ್ದದ್ದು ನಾಲೆಗೆ ನೀರು ಬಿಟ್ಟು, ಗದ್ದೆ ನೆನೆದು, ಉಳುಮೆಗೆ ಇಳಿದ ಮೇಲೆ. ಎಂಜಿನ್ನು ಗುಡುಗುತ್ತಿದೆ, ಹೊಗೆ ಬರುತ್ತಿದೆ, ಗಾಲಿ ತಿರುಗುತ್ತಿದೆ, ಟ್ರ್ಯಾಕ್ಟರು ಮಾತ್ರ ಇದ್ದಲ್ಲೇ ಇದೆ. “ಅಣ್ಣ, ಈ ಸಲ ಹಿಂದಿನ ಟೈರು ಹಾಕಿಸ್ಲೇಬೇಕು ಕನಣ್ಣ. ನಿಂತಲ್ಲೇ ಬಾವಿ ತೋಡ್ತಾ ಅದೆ” ಎಂದು ಫೋನ್ ಮಾಡಿದ. ಜೋಡಿಗೆ ನಲವತ್ತು ಸಾವಿರದ ಆಚೀಚೆ ಆಗುವ ಮಾತು. ಅಷ್ಟು ದುಡ್ಡಿನ ವಿಚಾರಕ್ಕೆ ಅವನು ಮೈಸೂರಿನಿಂದ ನನ್ನನ್ನು ಕರೆಸಿಕೊಳ್ಳುವುದು ನನ್ನ ಬೇಸಾಯದ ಜ್ಞಾನವನ್ನು ನಂಬಿ ಅಲ್ಲ. ಸರ್ವೀಸೆಲ್ಲ ಮೇಷ್ಟ್ರಾಗಿದ್ದವನು, ಟೈರಿನ ಪಕ್ಕೆಯ ಮೇಲಿರುವ ಇಂಗ್ಲಿಷನ್ನು ಓದಿ ಹೇಳಲಿ ಎಂಬ ಒಂದೇ ಕಾರಣಕ್ಕೆ.

ಓದುವುದಕ್ಕೆ ಅಲ್ಲಿ ಬೇಕಾದಷ್ಟಿದೆ. ನಮ್ಮ ಟೈರಿನ ಮೇಲೆ 13.6-28 ಎಂದಿತ್ತು. ಮೊದಲಿನದು ಟೈರಿನ ಅಗಲ, ಇಂಚಿನಲ್ಲಿ. ಎರಡನೆಯದು ರಿಮ್ಮಿನ ಅಡ್ಡಳತೆ, ಅದೂ ಇಂಚಿನಲ್ಲಿ. ನಡುವಿನ ಅಡ್ಡಗೆರೆಯನ್ನು ಬರೇ ಗೆರೆ ಎಂದು ದಾಟಿ ಹೋಗುವ ಹಾಗಿಲ್ಲ. ಗೆರೆ ಇದ್ದರೆ ಅದು ಹಳೆಯ ಬಗೆಯ ನೈಲಾನ್ ಟೈರು, ಅದರೊಳಗಿನ ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಿರುತ್ತವೆ. ಗೆರೆಯ ಜಾಗದಲ್ಲಿ ‘ಆರ್’ ಇದ್ದರೆ ರೇಡಿಯಲ್. ಇತ್ತೀಚಿನ ರೇಡಿಯಲ್‌ಗಳ ಮೇಲೆ ಇದೇ ಅಳತೆಯನ್ನು 340/85ಆರ್28 ಎಂದು ಒತ್ತಿರುತ್ತಾರೆ, ಅಂದರೆ ಅಗಲ ಮಿಲಿಮೀಟರಿನಲ್ಲಿ, ರಿಮ್ಮು ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಎರಡು ಅಳತೆ ಪದ್ಧತಿ ಬೆರೆಸಿದ ಹುಡುಗನಿಗೆ ನಾನಾಗಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಅದರ ಪಕ್ಕದಲ್ಲಿ ‘12 ಪಿ.ಆರ್.’ ಎಂದಿತ್ತು. ಊರಿನವರು ಹನ್ನೆರಡು ಪ್ಲೈ ಎನ್ನುತ್ತಾರೆ. ಒಳಗೆ ಹನ್ನೆರಡು ಪದರ ಇದೆಯೆಂದು ಎಲ್ಲರ ನಂಬಿಕೆ. ಟೈರಿಗೆ ಹತ್ತಿದಾರ ಹಾಕುತ್ತಿದ್ದ ಕಾಲದಲ್ಲಿ ಅದು ನಿಜವಾಗಿಯೂ ಪದರಗಳ ಲೆಕ್ಕವೇ ಆಗಿತ್ತು. ನೈಲಾನ್ ಬಂದ ಮೇಲೆ ಕಡಿಮೆ ಪದರದಲ್ಲೇ ಅಷ್ಟು ಬಲ ಬರತೊಡಗಿತು, ಹಳೆಯ ಅಂಕಿ ಮಾತ್ರ ಉಳಿದುಕೊಂಡಿತು. ಇದನ್ನು ತಮ್ಮನಿಗೆ ವಿವರಿಸಿದೆ. “ಅಂದ್ರೆ ಮೋಸ ಅನ್ನು” ಎಂದ. ಮೋಸವಲ್ಲ, ಬಲದ ಗುರುತು ಎಂದು ಇನ್ನೊಮ್ಮೆ ವಿವರಿಸಿದೆ. “ಅದೇ ಅಂದೆ ಕನಣ್ಣ” ಎಂದ.

ಟೈರು ಹೋಗಿದೆ ಎಂಬ ಸುದ್ದಿ ಊರಲ್ಲಿ ಹಬ್ಬುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಿಕ್ಕಪ್ಪ ಬಂದರು. ಎಂ.ಆರ್.ಎಫ್. ಬಿಟ್ಟು ಬೇರೆ ಟೈರನ್ನು ಟೈರೆಂದೇ ಅವರು ಒಪ್ಪುವುದಿಲ್ಲ. ಆ ಕಂಪನಿ 1946ರಲ್ಲಿ ಮದ್ರಾಸಿನ ತಿರುವೊಟ್ಟಿಯೂರಿನ ಒಂದು ಷೆಡ್ಡಿನಲ್ಲಿ ಆಟದ ಬಲೂನು ಮಾಡುತ್ತ ಶುರುವಾಯಿತು ಎಂದು ನಾನು ಹೇಳಿದಾಗ, ಮನೆದೇವರ ಮೇಲೆ ಯಾರೋ ಚಾಡಿ ಹೇಳಿದ ಹಾಗೆ ನನ್ನನ್ನು ನೋಡಿದರು. ಆಮೇಲೆ ಮಾವ ಬಂದರು. ಅವರದು ಮೈಸೂರಿನ ವಿಕ್ರಾಂತ್ ಪಕ್ಷ. ರಾಜ್ಯ ಸರ್ಕಾರದ ಬೆಂಬಲದಲ್ಲಿ ಹುಟ್ಟಿದ ಆ ಕಾರ್ಖಾನೆ 1997ರಲ್ಲಿ ಜೆ.ಕೆ. ಕಂಪನಿಯ ಕೈಗೆ ಹೋಯಿತು, ಹೆಸರು ಈಗಲೂ ಟೈರಿನ ಮೇಲಿದೆ. “ನಮ್ಮ ನೀರು ಕುಡಿದು ಮಾಡಿರೋ ಟೈರು, ನಮ್ಮ ಗದ್ದೇಲಿ ಜಾರ್ತದಾ?” ಎನ್ನುವುದು ಅವರ ವಾದ. ಇಂಥ ವಾದಕ್ಕೆ ಯಾವ ವಿಜ್ಞಾನವೂ ಉತ್ತರ ಕೊಡಲಾರದು. ಸೋದರತ್ತೆಯ ಮಗ ರೇಡಿಯಲ್ ಹಾಕಿಸು ಎಂದ. ಅವನ ಬಳಿ ಟ್ರ್ಯಾಕ್ಟರಿಲ್ಲ, ಹಾಗಾಗಿ ಅವನ ಅಭಿಪ್ರಾಯಕ್ಕೆ ಖರ್ಚೂ ಇಲ್ಲ. ಇನ್ನೊಬ್ಬರು, ಹಳೆ ಟೈರಿಗೇ ಹೊಸ ರಬ್ಬರು ಕೂರಿಸಿ ರಿಸೋಲ್ ಮಾಡಿಸಿದರೆ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ ಎಂದರು. ಪಕ್ಕೆ ಗಟ್ಟಿಯಾಗಿದ್ದರೆ ಅದೂ ಒಳ್ಳೆಯ ದಾರಿಯೇ. ನಮ್ಮ ಟೈರಿನ ಪಕ್ಕೆಯಲ್ಲಿ ಬೆರಳು ತೂರುವಷ್ಟು ಬಿರುಕಿತ್ತು.

ಇಷ್ಟೆಲ್ಲ ಮಾತುಕತೆಯಲ್ಲಿ ಒಂದನ್ನು ಗಮನಿಸಿದೆ. ಎಲ್ಲರೂ ಟೈರಿನ ಬಗ್ಗೆ ಹೇಳುತ್ತಿದ್ದರೇ ಹೊರತು, ಟ್ರ್ಯಾಕ್ಟರು ಏನು ಕೆಲಸ ಮಾಡುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಅದೇನು ಕೇಳುವ ಪ್ರಶ್ನೆಯೇ, ಉಳುತ್ತದೆ ಎಂದು ನಾನೂ ಅಂದುಕೊಂಡಿದ್ದೆ.

ಟ್ರ್ಯಾಕ್ಟರಿಗೆ ರಬ್ಬರು ಬಂದ ಕತೆಯೂ ಸ್ವಾರಸ್ಯದ್ದೇ. ಮೊದಲಿನ ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಗಾಲಿ, ಅದಕ್ಕೆ ಕಬ್ಬಿಣದ ಮೊಳೆಹಲ್ಲು. ಹೊಲದಲ್ಲಿ ಪರವಾಗಿಲ್ಲ, ರಸ್ತೆಗೆ ಬಂದರೆ ರಸ್ತೆಯೂ ಉಳಿಯದು, ಸೀಟಿನಲ್ಲಿ ಕೂತವನ ಸೊಂಟವೂ ಉಳಿಯದು. ಅಮೆರಿಕದಲ್ಲಿ 1932ರಲ್ಲಿ ಫೈರ್‌ಸ್ಟೋನ್ ಮತ್ತು ಆಲಿಸ್-ಚಾಮರ್ಸ್ ಕಂಪನಿಗಳು ಸೇರಿ ಗಾಳಿ ತುಂಬಿದ ಟೈರಿನ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದವು. ರೈತರು ನಂಬಲಿಲ್ಲ. ಕಬ್ಬಿಣವೇ ಜಾರುವಲ್ಲಿ ರಬ್ಬರು ಹಿಡಿಯುತ್ತದೆಯೇ ಎಂದರು. ಕಂಪನಿಯವರು ಲೆಕ್ಕ ತೋರಿಸಿ ಸುಮ್ಮನಾಗದೆ, ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಹೆಸರುವಾಸಿ ರೇಸ್ ಕಾರು ಚಾಲಕನನ್ನು ಕರೆತಂದು ಟ್ರ್ಯಾಕ್ಟರಿನ ಮೇಲೆ ಕೂರಿಸಿದರು. 1933ರಲ್ಲಿ ಆತ ಗಂಟೆಗೆ 64 ಮೈಲಿಗೂ ಮೀರಿದ ವೇಗದಲ್ಲಿ ಟ್ರ್ಯಾಕ್ಟರು ಓಡಿಸಿದ. ಆ ವೇಗದಲ್ಲಿ ಯಾರೂ ಹೊಲ ಉಳುವುದಿಲ್ಲ, ಆದರೆ ಜನ ನಂಬಿದರು. ವಿಜಯಪುರ, ಬೆಳಗಾವಿ ಕಡೆಯ ಜಾತ್ರೆಗಳಲ್ಲಿ ಈಗ ಟ್ರೇಲರು ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಪಂದ್ಯ ನಡೆಯುತ್ತದಲ್ಲ, ಅದಕ್ಕೂ ಉಳುಮೆಗೂ ಸಂಬಂಧವಿಲ್ಲ. ಹಾಗೆಂದು ಅಲ್ಲಿ ಗೆದ್ದವನ ಟೈರು ಯಾವುದು ಎಂದು ಕೇಳದವರು ಯಾರು?

ಟೈರಿನ ಅಂಗಡಿಗೆ ಹೋಗುವ ಮೊದಲು ನಾನು ಪಾಠ ಮಾಡಿಕೊಂಡೇ ಹೋಗಿದ್ದೆ. ಟ್ರ್ಯಾಕ್ಟರಿನ ಹಿಂದಿನ ಟೈರುಗಳಿಗೆ ಹಲ್ಲಿನ ಆಳ ನೋಡಿ ದರ್ಜೆ ಕೊಡುತ್ತಾರೆ. ಆರ್-1 ಎಂದರೆ ಸಾಮಾನ್ಯ ಉಳುಮೆಯದು. ಆರ್-3 ಹುಲ್ಲುಹಾಸಿನ ಮೇಲೆ ಓಡಾಡುವುದಕ್ಕೆ, ಹಲ್ಲು ಗಿಡ್ಡ. ಆರ್-4 ಜೆ.ಸಿ.ಬಿ. ಜಾತಿಯ ಯಂತ್ರಗಳಿಗೆ. ಆರ್-2 ಇದೆಯಲ್ಲ, ಅದರ ಹಲ್ಲು ಆರ್-1ರ ಹೆಚ್ಚುಕಡಿಮೆ ಎರಡರಷ್ಟು ಆಳ, ಮೊಣಕಾಲುದ್ದದ ಕೆಸರಿಗೆಂದೇ ಮಾಡಿದ್ದು. ಪುಸ್ತಕದಲ್ಲಿ ಅದಕ್ಕೆ ಕೊಟ್ಟಿರುವ ಹೆಸರು ‘ಭತ್ತ ಮತ್ತು ಕಬ್ಬಿನ ಟೈರು’. ಭತ್ತ ಮತ್ತು ಕಬ್ಬು! ಮಂಡ್ಯ ಜಿಲ್ಲೆಯನ್ನು ಕಣ್ಣಮುಂದೆ ಇಟ್ಟುಕೊಂಡೇ ಯಾರೋ ಪುಣ್ಯಾತ್ಮ ಬರೆದಂತಿತ್ತು. ಅಂಗಡಿಯವರ ಮುಂದೆ ನಿಂತು, ನಮಗೆ ಆರ್-2 ಬೇಕು, ನಮ್ಮದು ಭತ್ತ ಮತ್ತು ಕಬ್ಬು ಎಂದೆ.

ಅಂಗಡಿಯವರು ವಯಸ್ಸಾದವರು. ಕೆಲಸದ ಹುಡುಗನಿಗೆ ಟೀ ಹೇಳಿ, ನನಗೆ ಸ್ಟೂಲು ಕೊಟ್ಟು, ನಿಧಾನವಾಗಿ ಕೇಳಿದರು: “ಮೇಷ್ಟ್ರೇ, ಕಬ್ಬು ಬೆಳೆಯೋಕೋ, ಕಬ್ಬು ಹೊರೋಕೋ?”

ತಮ್ಮ ನೆಲ ನೋಡಿದ. ವರ್ಷದಲ್ಲಿ ಅವನ ಟ್ರ್ಯಾಕ್ಟರು ಗದ್ದೆಯಲ್ಲಿರುವ ದಿನಗಳು ಎಷ್ಟು? ಭತ್ತಕ್ಕೆ ಎರಡು ಸಲ ಉಳುಮೆ, ಕಬ್ಬಿನ ಸಾಲು ಹೊಡೆಯುವುದು, ಒಂದಿಷ್ಟು ರೋಟವೇಟರ್ ಬಾಡಿಗೆ. ಉಳಿದದ್ದೆಲ್ಲ ಡಾಂಬರು. ಹಂಗಾಮಿನಲ್ಲಿ ಟನ್ನುಗಟ್ಟಲೆ ಕಬ್ಬು ಹೇರಿಕೊಂಡು ಕಾರ್ಖಾನೆಯ ಗೇಟಿನ ಮುಂದೆ ರಾತ್ರಿಯೆಲ್ಲ ಸಾಲು ನಿಲ್ಲುವುದು, ಆಮೇಲೆ ಆಲೆಮನೆಗೆ, ಆಮೇಲೆ ಇಟ್ಟಿಗೆ, ಜಲ್ಲಿ, ಗೊಬ್ಬರ, ಭತ್ತದ ಹುಲ್ಲು. ಮದುವೆ ಮನೆಗೆ ಶಾಮಿಯಾನದ ಸಾಮಾನು, ಪಕ್ಷದ ಸಮಾವೇಶಕ್ಕೆ ಜನ, ಗಣಪತಿಯನ್ನು ಕೆರೆಗೆ ಬಿಡುವುದು. ಗದ್ದೆಗೆಂದು ಸಾಲ ಮಾಡಿ ತಂದ ಟ್ರ್ಯಾಕ್ಟರಿನ ಬಹುಪಾಲು ಆಯುಸ್ಸು ರಸ್ತೆಯ ಮೇಲೆ ಕಳೆಯುತ್ತದೆ. ಕೆಸರಿನಲ್ಲಿ ನಾಟಿಗೆ ಹದ ಮಾಡುವಾಗ ಹೇಗೂ ಟೈರಿನ ಪಕ್ಕಕ್ಕೆ ಕಬ್ಬಿಣದ ಕೇಜ್ ವೀಲ್ ಕಟ್ಟುತ್ತಾರೆ. ಆಳದ ಹಲ್ಲಿನ ಕೆಲಸ ಅಲ್ಲಿಗೆ ಮುಗಿಯಿತು. ಆರ್-2 ಹಾಕಿಕೊಂಡು ಟಾರು ರಸ್ತೆಯಲ್ಲಿ ಲೋಡು ಎಳೆದರೆ ಆ ಉದ್ದ ಹಲ್ಲುಗಳು ಬುಡದಲ್ಲಿ ಬಾಗಿ, ಬಿಸಿಯಾಗಿ, ಬೇಗ ತಿಂದುಹೋಗುತ್ತವೆ. ಅಂಗಡಿಯವರು ಇಷ್ಟನ್ನೂ ಹೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿ ಟೀ ಕುಡಿಯುತ್ತ ಕೂತರು. ನಾನು ಪಾಠ ಹೇಳಿಕೊಟ್ಟಷ್ಟು ವರ್ಷವೂ ಹೀಗೆ ಪ್ರಶ್ನೆ ಕೇಳುವುದು ನನಗೆ ಬರಲಿಲ್ಲ.

ರೇಡಿಯಲ್ ಬಗ್ಗೆ ವಿಚಾರಿಸಿದೆ. ಅದು ನೆಲವನ್ನು ಅಗಲವಾಗಿ ತಬ್ಬುತ್ತದೆ, ಕಡಿಮೆ ಜಾರುತ್ತದೆ, ಮಣ್ಣನ್ನು ಕಡಿಮೆ ಒತ್ತುತ್ತದೆ, ರಸ್ತೆಯಲ್ಲೂ ಚೆನ್ನಾಗಿ ಬಾಳುತ್ತದೆ. ಬೆಲೆ ಹೆಚ್ಚು. ಪಕ್ಕೆ ಮೆದು, ಹಾಗಾಗಿ ಗಾಳಿ ಸರಿಯಾಗಿದ್ದರೂ ಹೊಟ್ಟೆ ಉಬ್ಬಿ ಕಾಣುತ್ತದೆ. ಅದನ್ನು ಕಂಡ ಪಂಚರ್ ಅಂಗಡಿಯ ಪ್ರತಿ ಹುಡುಗನೂ “ಗಾಳಿ ಇಲ್ವಲ್ಲಣ್ಣ” ಎಂದು ಕೇಳದೆಯೇ ಪೈಪು ಚುಚ್ಚುತ್ತಾನೆ, ಕಾಸು ಕೊಟ್ಟು ಕೊಂಡ ಮೆದುತನ ಅಲ್ಲಿಗೆ ಮುಗಿಯಿತು. ದೊಡ್ಡ ಹಿಡುವಳಿ, ದೊಡ್ಡ ಟ್ರ್ಯಾಕ್ಟರು, ವರ್ಷವಿಡೀ ಕೆಲಸ ಇರುವವರಿಗೆ ಅದು ಲಾಭವೇ. ತಮ್ಮನ ತುಂಡು ಗದ್ದೆಗಳಿಗೆ ಬೇಡವೆನಿಸಿತು.

ಇನ್ನೊಂದು ಆಸೆ ಅವನದೇ: 14.9 ಹಾಕಿಸಿದರೆ ಹೇಗೆ? ದಪ್ಪ ಟೈರಿಗೆ ನಮ್ಮ ಕಡೆ ಹುಡುಗರಲ್ಲಿ ಬಹಳ ಮರ್ಯಾದೆ. ಆದರೆ ಟೈರು ಅಗಲವಾದಷ್ಟು ಎತ್ತರವೂ ಆಗುತ್ತದೆ. ಗಾಲಿ ಎತ್ತರವಾದರೆ ರಸ್ತೆಯಲ್ಲಿ ಓಟ ತುಸು ಹೆಚ್ಚುತ್ತದೆ, ಅದೇ ಗೇರಿನಲ್ಲಿ ಎಳೆಯುವ ಬಲ ತುಸು ಇಳಿಯುತ್ತದೆ. ರಿಮ್ಮಿನ ಅಗಲ ಒಪ್ಪಬೇಕು, ಮಡ್‌ಗಾರ್ಡಿಗೆ ತಾಗಬಾರದು, ಕಬ್ಬಿನ ಸಾಲಿನ ನಡುವೆ ಹಿಡಿಸಬೇಕು. ನಾಲ್ಕೂ ಗಾಲಿ ಎಳೆಯುವ ಫೋರ್ ವೀಲ್ ಡ್ರೈವ್ ಆದರಂತೂ ಹಿಂದಿನದನ್ನು ಮಾತ್ರ ಬದಲಿಸಿ ಅಳತೆ ಕೆಡಿಸುವ ಹಾಗೇ ಇಲ್ಲ, ಮುಂದಿನ ಗಾಲಿ ಇಷ್ಟು ತಿರುಗಿದರೆ ಹಿಂದಿನದು ಇಷ್ಟು ಎಂದು ಗೇರಿನಲ್ಲೇ ಗಂಟು ಹಾಕಿರುತ್ತಾರೆ. ಅದು ತಪ್ಪಿದರೆ ಎರಡು ಜೊತೆ ಗಾಲಿ ಒಂದನ್ನೊಂದು ಜಗ್ಗಾಡಿ ಗೇರು ಸವೆಯುತ್ತದೆ. ಕಂಪನಿ ಕೊಟ್ಟ ಅಳತೆಯೇ ಇರಲಿ ಎಂದು ಅಂಗಡಿಯವರೂ ನಾನೂ ಒಂದಾದೆವು. ತಮ್ಮ ಮುಖ ಊದಿಸಿಕೊಂಡ.

ಟೈರು ನಿಜವಾಗಿ ಎಷ್ಟು ಜಾರುತ್ತಿದೆ ಎಂದು ಅಳೆಯುವ ಉಪಾಯವೊಂದಿದೆ, ಬಾಯಿಮಾತಿನ ಜಗಳಗಳಿಗೆಲ್ಲ ಅದು ಮದ್ದು. ಹಿಂದಿನ ಟೈರಿನ ಮೇಲೆ ಸುಣ್ಣದ ಗುರುತು ಹಾಕಿ. ನೇಗಿಲು ಎತ್ತಿಕೊಂಡು ಹತ್ತು ಸುತ್ತು ಓಡಿಸಿ, ಎಷ್ಟು ದೂರ ಹೋಯಿತು ಅಳೆಯಿರಿ. ಆಮೇಲೆ ನೇಗಿಲು ಇಳಿಸಿ ಅದೇ ಹತ್ತು ಸುತ್ತು. ಮೊದಲು 40 ಮೀಟರು ಹೋದದ್ದು ಉಳುವಾಗ 35 ಬಂದರೆ ನೂರಕ್ಕೆ ಹನ್ನೆರಡರಷ್ಟು ಜಾರಿದಂತಾಯಿತು, ಅದು ಇರಬೇಕಾದದ್ದೇ. ಒಂದಿಷ್ಟೂ ಜಾರದ ಟ್ರ್ಯಾಕ್ಟರು ಬೇಡದ ಭಾರ ಹೊತ್ತುಕೊಂಡು ತಿರುಗುತ್ತಿದೆ ಎಂದರ್ಥ. 28, 30ಕ್ಕೆ ಇಳಿಯಿತೋ, ಡೀಸೆಲ್ಲಿನ ಕಾಲು ಪಾಲು ಮಣ್ಣು ಕಲಸುವುದಕ್ಕೇ ಹೋಯಿತು. ಚಿಕ್ಕಪ್ಪನಿಗೆ ಈ ಪರೀಕ್ಷೆ ಬಹಳ ಹಿಡಿಸಿತು. ತಮ್ಮ ಟ್ರ್ಯಾಕ್ಟರಿಗೆ ಮಾಡಿಸಲು ಮಾತ್ರ ಒಪ್ಪಲಿಲ್ಲ.

ಕೊನೆಗೆ ಆರ್-1, ಹನ್ನೆರಡು ಪ್ಲೈ, ಎರಡೂ ಒಟ್ಟಿಗೆ ಕೊಂಡೆವು. ಒಂದನ್ನು ಈಗ, ಒಂದನ್ನು ಸುಗ್ಗಿಯಾದ ಮೇಲೆ ಎಂಬ ಯೋಚನೆಯೂ ಅವನಿಗಿತ್ತು. ಆದರೆ ಒಂದು ಹೊಸದು, ಒಂದು ಬೋಳು ಎಂದರೆ ಎರಡರ ಸುತ್ತಳತೆ ಬೇರೆ. ನೆಟ್ಟಗೆ ಹೋಗುವಾಗಲೂ ಡಿಫರೆನ್ಷಿಯಲ್ಲು ತಿರುವಿನಲ್ಲಿ ಇದ್ದೇನೆಂದುಕೊಂಡು ದುಡಿಯುತ್ತಿರುತ್ತದೆ. ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕಂಕಿಯನ್ನು ಕನ್ನಡಕ ಹಾಕಿಕೊಂಡು ಹುಡುಕಿ ಓದಿದೆ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಟೈರಿನ ರಬ್ಬರು ಓಡದೆಯೇ ಮುದಿಯಾಗಿರುತ್ತದೆ. ನನ್ನನ್ನು ಕರೆಸಿದ್ದು ಸಾರ್ಥಕವಾದದ್ದು ಆ ಒಂದು ಕ್ಷಣಕ್ಕೆ. ಬಿಲ್ಲು ಕೂಡ ಮೊದಲಿನಷ್ಟು ಭಾರವಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರು, ಟ್ಯೂಬಿನ ಜಿ.ಎಸ್.ಟಿ. ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಉಳಿದ ದುಡ್ಡು ಹೊಸ ಟ್ಯೂಬಿಗಾಯಿತು.

ಟೈರು ಕೂರಿಸುವಾಗ ಬಾಣದ ಗುರುತು ನೋಡಬೇಕು. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಎಡಬಲದ ಹಲ್ಲುಗಳು ಕೂಡುವ ಮೂಲೆ ಮೇಲ್ಮುಖವಾಗಿರಬೇಕು. ಹಾಗಿದ್ದರೆ ನೆಲಕ್ಕೆ ಮೊದಲು ಊರುವುದು ಆ ಮೂಲೆ, ಆಮೇಲೆ ಮಣ್ಣು ನಡುವಿನಿಂದ ಎರಡೂ ಪಕ್ಕಕ್ಕೆ ಜಾರಿ ಉದುರಿ ಹೋಗುತ್ತದೆ. ಉಲ್ಟಾ ಹಾಕಿದರೆ ಮಣ್ಣೆಲ್ಲ ನಡುವಿಗೇ ಸೇರಿ ಹಲ್ಲು ಮುಚ್ಚಿಹೋಗುತ್ತದೆ. ಗಾಳಿಯೂ ಗದ್ದೆಗೆ ಬೇರೆ, ರಸ್ತೆಗೆ ಬೇರೆ: ಉಳುವಾಗ ಸಾಮಾನ್ಯವಾಗಿ 12ರಿಂದ 14 ಪೌಂಡು, ಲೋಡು ಎಳೆಯುವಾಗ 18ರಿಂದ 20. ನಮ್ಮೂರಲ್ಲಿ ಗಾಳಿ ಅಳೆಯುವುದು ಟೈರಿಗೆ ಕಾಲಿನಿಂದ ಒದ್ದು. ಹಿಂದಿನ ಟೈರು ಎಷ್ಟು ಒದ್ದರೂ ಒಂದೇ ಉತ್ತರ ಕೊಡುತ್ತದೆ.

ಆಮೇಲೆ ನೀರು ತುಂಬಿಸುವ ಶಾಸ್ತ್ರ. ಹಿಂದಿನ ಗಾಲಿಗೆ ತೂಕ ಬರಲೆಂದು ಟ್ಯೂಬಿನಲ್ಲಿ ಮುಕ್ಕಾಲು ಪಾಲು ನೀರು, ಮೇಲೆ ಗಾಳಿ. ಗಾಲಿಯನ್ನು ಜಾಕ್ ಕೊಟ್ಟೆತ್ತಿ, ವಾಲ್ವನ್ನು ಮೇಲಕ್ಕೆ ತಿರುಗಿಸಿ, ನೀರು ವಾಲ್ವಿನ ಮಟ್ಟಕ್ಕೆ ಬರುವ ತನಕ ತುಂಬುತ್ತಾರೆ. ಒಂದೊಂದು ಗಾಲಿಗೆ ನೂರು ಲೀಟರಿಗೂ ಮೀರಿ ಹಿಡಿಯುತ್ತದೆ. ಪೂರ್ತಿ ತುಂಬಿಸಬಾರದು, ನೀರು ಗಾಳಿಯ ಹಾಗೆ ಅದುಮಿಸಿಕೊಳ್ಳುವುದಿಲ್ಲ, ಕುಲುಕಾಟವೆಲ್ಲ ಮೈಗೆ ಬರುತ್ತದೆ. ಜಿಲ್ಲೆಯ ಟ್ರ್ಯಾಕ್ಟರುಗಳಲ್ಲಿ ಹೀಗೆ ಸುತ್ತುತ್ತಿರುವ ಕಾವೇರಿ ನೀರನ್ನು ಯಾವ ನ್ಯಾಯಮಂಡಳಿಯೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಚಳಿ ದೇಶಗಳಲ್ಲಿ ಬರೇ ನೀರು ಹಾಕಿದರೆ ಹೆಪ್ಪುಗಟ್ಟುತ್ತದೆ ಎಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಅದು ರಿಮ್ಮಿಗೆ ತುಕ್ಕು ಹಿಡಿಸುತ್ತದೆಂದು ಅಮೆರಿಕದ ಕೆಲವರು ಸಕ್ಕರೆ ಬೀಟಿನ ರಸ ತುಂಬುತ್ತಾರೆ. ಇದನ್ನು ಹೇಳಿದ್ದೇ ತಡ, ತಮ್ಮನ ಕಣ್ಣು ಆಲೆಮನೆಯ ಕಡೆ ಹೋಯಿತು. ಬೇಡ, ಇರುವೆ ಮುತ್ತುತ್ತವೆ ಎಂದೆ.

ಹೊಸ ಟೈರಿಗೆ ಪೂಜೆಯಾಯಿತು. ನನ್ನ ತಮ್ಮನ ಮೊಮ್ಮಕ್ಕಳು ಟೈರಿನ ಮೈಮೇಲಿನ ರಬ್ಬರು ಕೂದಲುಗಳನ್ನು ಒಂದೊಂದಾಗಿ ಕಿತ್ತವು. ನಿಂಬೆಹಣ್ಣು ಇಟ್ಟು ಟ್ರ್ಯಾಕ್ಟರು ಮುಂದೆ ಬಿಟ್ಟರೆ, ಹಣ್ಣು ಎರಡು ಹಲ್ಲುಗಳ ನಡುವಿನ ಸಂದಿಗೆ ಸಿಕ್ಕಿ ಅಂಗಳದ ಹಸಿಮಣ್ಣಿನಲ್ಲಿ ಊರಿಕೊಂಡು, ಒಡೆಯದೆ ಇಡಿಯಾಗಿ ಉಳಿಯಿತು. ಹೆಂಗಸರೆಲ್ಲ ಅಪಶಕುನ ಎಂದರು. ಬೋಳು ಟೈರಿನಡಿಯಲ್ಲಿ ಇಷ್ಟು ವರ್ಷ ಒಂದೂ ತಪ್ಪಿರಲಿಲ್ಲವಂತೆ. ಹಲ್ಲು ಚೆನ್ನಾಗಿರುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ ಎಂದು ನಾನು ವಾದಿಸಿದರೂ ಕೇಳದೆ, ಹಿಂದೆ ಮುಂದೆ ಓಡಿಸಿ ಹಲ್ಲಿಗೆ ಸಿಗುವ ತನಕ ಬಿಡಲಿಲ್ಲ.

ಹಳೆಯ ಟೈರುಗಳಲ್ಲಿ ಒಂದನ್ನು ಸೀಳಿ ದನಗಳಿಗೆ ನೀರಿಡುವ ಬಾನಿ ಮಾಡಿದ್ದಾನೆ. ಇನ್ನೊಂದು ಹಿತ್ತಲಲ್ಲಿ ಮಳೆನೀರು ತುಂಬಿಕೊಂಡು ಬಿದ್ದಿತ್ತು, ಡೆಂಗಿ ಸೊಳ್ಳೆ ಸಾಕ್ತಿದ್ದೀರಾ ಎಂದು ಆಶಾ ಕಾರ್ಯಕರ್ತೆ ಬೈದ ಮೇಲೆ ಗುಜರಿಗೆ ಹೋಯಿತು. ಹಳೆಯ ಟ್ಯೂಬು ಒಂದು ಇನ್ನೂ ಗಾಳಿ ಹಿಡಿಯುತ್ತದೆ, ನಮ್ಮ ತೋಟದ ಬಾವಿಯಲ್ಲಿ ನಾಲ್ಕು ಮಕ್ಕಳು ಸಾಲಾಗಿ ಹಿಡಿದು ತೇಲಬಹುದು. ಬೇಸಿಗೆ ರಜೆಯಲ್ಲಿ ಈಜು ಕಲಿಯಲು ಮಕ್ಕಳನ್ನು ಕಳಿಸುವವರು ಕಳಿಸಿ, ಜೊತೆಗೆ ಈಜು ಬಲ್ಲ ದೊಡ್ಡವರೊಬ್ಬರು ಬನ್ನಿ. ಬನಿಯನ್ನಾದರೂ ಹಾಕಿಸಿರಿ, ಟ್ಯೂಬಿನ ವಾಲ್ವು ಎದೆಗೆ ಗೀರುತ್ತದೆ.